ಸೆಖೆ ಬೇರೆ, ಬಿಸಿಲು ಬೇರೆ

ಡೊಂಬಿವಲಿಯದೋ ಬೋರಿವಲಿಯದೋ ಒಂದು ಫ್ಲ್ಯಾಟು. ಮಗನ ಹುಟ್ಟುಹಬ್ಬಕ್ಕೆಂದು ಶನಿವಾರ ತಂದ ಬಿಯರ್ಡೆಡ್ ಡ್ರ್ಯಾಗನ್ ಬುಧವಾರವಾದರೂ ಏನನ್ನೂ ತಿಂದಿಲ್ಲ. ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದೆ. ಬಟ್ಟಲಿನಲ್ಲಿ ಪಾಲಕ್ ಬಾಡಿದೆ, ಹುಳುಗಳು ಸತ್ತಿವೆ. ಅಮ್ಮ ಅದನ್ನು ಹಟ ಅನ್ನುತ್ತಾರೆ, ಅಪ್ಪ ಹೊಸ ಜಾಗದ ಭಯ ಅನ್ನುತ್ತಾರೆ. ಫೋನಿನಲ್ಲಿ ಅಂಗಡಿಯವನ ಸಲಹೆ: ಬಾಯಿ ಬಿಡಿಸಿ ತಿನ್ನಿಸಿ. ಇಂಥ ಮನೆಗಳು ಈ ನಗರದಲ್ಲಿ ಈಗ ಅಪರೂಪವಲ್ಲ. ಎಲ್ಲ ಮನೆಗಳಲ್ಲೂ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಏನು ಕೊಟ್ಟರೆ ತಿನ್ನುತ್ತದೆ?

ತಪ್ಪಿರುವುದು ಈ ಪ್ರಶ್ನೆಯಲ್ಲೇ. ಆ ಪ್ರಾಣಿ ಊಟ ಬಿಟ್ಟಿರುವುದು ಹಟದಿಂದಲ್ಲ. ತನ್ನನ್ನು ತಂದಿಟ್ಟ ಜಾಗದ ಬಗ್ಗೆ ಅದು ಕೊಡುತ್ತಿರುವ ವರದಿ ಅದು. ವರದಿ ಓದಬೇಕಾದವರು ಬಟ್ಟಲು ಬದಲಿಸುತ್ತಿದ್ದಾರೆ.

ಕರಾವಳಿಯಿಂದ ಮುಂಬೈಗೆ ಬಂದ ಕನ್ನಡಿಗರಿಗೆ ಸೆಖೆಗೂ ಬಿಸಿಲಿಗೂ ಇರುವ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಬೆವರು ಆರದ ಗಾಳಿ ಸೆಖೆ, ಬೆನ್ನು ಸುಡುವ ಬೆಳಕು ಬಿಸಿಲು. ‘ಮುಂಬೈಯಲ್ಲಿ ಇಷ್ಟು ಸೆಖೆ ಇರುವಾಗ ಇದಕ್ಕೆ ಬೇರೆ ದೀಪ ಯಾಕೆ’ ಎಂಬ ಮಾತು ನಿಂತಿರುವುದು ಈ ವ್ಯತ್ಯಾಸವನ್ನು ಮರೆಸುವುದರ ಮೇಲೆ. ಬಿಯರ್ಡೆಡ್ ಡ್ರ್ಯಾಗನ್ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನ ಜೀವಿ. ಆ ಸೀಮೆಯ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 280 ಮಿಲಿಮೀಟರು. ಮುಂಬೈಯಲ್ಲಿ 2000 ಮಿಲಿಮೀಟರಿಗೂ ಹೆಚ್ಚು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ಪ್ರಾಣಿಗೆ ಬೇಕಿರುವುದು ಬಿಸಿಲು. ನಾವು ಕೊಡುತ್ತಿರುವುದು ಸೆಖೆ.

ಸರೀಸೃಪಕ್ಕೆ ಮೈ ಕಾಯದೆ ಹೊಟ್ಟೆ ಕೆಲಸ ಮಾಡುವುದಿಲ್ಲ. ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿಯ ಕಲ್ಲೋ ಕೊಂಬೆಯೋ ಇರಬೇಕು, ಇನ್ನೊಂದು ತುದಿ 25ರ ಆಸುಪಾಸಿನಲ್ಲಿ ತಂಪಾಗಿರಬೇಕು. ಅದು ಕಾಯಿಸಿಕೊಂಡು, ಸಾಕೆನಿಸಿದಾಗ ಸರಿಯುತ್ತದೆ. ಎಲ್ಲ ಕಡೆಯೂ 30 ಡಿಗ್ರಿ ಇರುವ ಮುಂಬೈಯ ಕೋಣೆ ನಮಗೆ ಧಗೆ ಅನಿಸಬಹುದು. ಆ ಪ್ರಾಣಿಗೆ ಅದು ಎಂದೂ ಏರದ ಬೆಳಗು. ರಾತ್ರಿ ಏಸಿ ಹಾಕುವ ಮಲಗುವ ಕೋಣೆಯಲ್ಲಂತೂ ಕೇಳುವುದೇ ಬೇಡ. ಮೈ ತಣ್ಣಗಿರುವಾಗ ತಿಂದದ್ದು ಜೀರ್ಣವಾಗದೆ ಒಳಗೇ ಕೂರುತ್ತದೆ. ಹಾಗಾಗಿ ತಿನ್ನದಿರುವುದು ಅದರ ವಿವೇಕ. ಬಾಯಿ ಬಿಡಿಸಿ ತುರುಕುವುದು ಆ ವಿವೇಕದ ಮೇಲೆ ನಡೆಸುವ ಬಲಾತ್ಕಾರ, ಜೊತೆಗೆ ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯ.

ಬೆಳಕಿನ ಕಥೆಯೂ ಇದೇ. ಬಿಸಿಲಿನಲ್ಲಿರುವ ಯುವಿಬಿ ಕಿರಣ ಚರ್ಮಕ್ಕೆ ತಾಗಿದರೆ ವಿಟಮಿನ್ ಡಿ3, ಅದಿದ್ದರೆ ಕ್ಯಾಲ್ಸಿಯಂ ಮೈಗೆ ಹಿಡಿಯುತ್ತದೆ, ಆಗ ಮೂಳೆ ಗಟ್ಟಿ. ಕಿಟಕಿಯ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಆದ್ದರಿಂದ ‘ಕಿಟಕಿಯ ಪಕ್ಕ ಇಟ್ಟಿದ್ದೇವೆ’ ಎಂಬುದು ಸಮಾಧಾನವಷ್ಟೆ. ತಿಂಗಳುಗಟ್ಟಲೆ ಹೀಗೆ ಸಾಗಿದರೆ ದವಡೆಯೇ ಮೆತ್ತಗಾಗಿ, ಹಸಿವಿದ್ದರೂ ಕಚ್ಚಲಾಗದ ಸ್ಥಿತಿ ಬರುತ್ತದೆ. ಯುವಿಬಿ ಕೊಳವೆ ದೀಪಕ್ಕೂ ಆಯಸ್ಸಿದೆ. ಕಣ್ಣಿಗೆ ಉರಿಯುವಂತೆ ಕಂಡರೂ ಆರು ತಿಂಗಳಿಂದ ವರ್ಷದೊಳಗೆ ಅದರ ಯುವಿಬಿ ಸೊರಗುತ್ತದೆ. ಪ್ರಾಣಿ ಮಾರುವಾಗ ಇಷ್ಟನ್ನು ಹೇಳದ ಅಂಗಡಿ ಮಾರುತ್ತಿರುವುದು ಪ್ರಾಣಿಯ ನಿಧಾನ ಸಾವನ್ನು.

ಇಷ್ಟು ಕಟುವಾಗಿ ಹೇಳಬೇಕೆ ಎಂದು ಕೇಳುವವರಿದ್ದಾರೆ. ಹೊಸ ಜಾಗಕ್ಕೆ ಬಂದ ಪ್ರಾಣಿ ಕೆಲವು ದಿನ ತಿನ್ನದಿರುವುದು ಸಹಜವಲ್ಲವೇ? ಸಹಜವೇ. ಆರೋಗ್ಯವಾಗಿರುವ ವಯಸ್ಕ ಪ್ರಾಣಿ ಒಂದು ವಾರ, ಕೆಲವೊಮ್ಮೆ ಎರಡು ವಾರ ಸರಿಯಾಗಿ ತಿನ್ನದೆ ಇದ್ದು ಚೇತರಿಸಿಕೊಳ್ಳಬಹುದು. ಆಗ ಅದನ್ನು ಪದೇ ಪದೇ ಎತ್ತದೆ, ನೆಂಟರಿಗೆ ತೋರಿಸದೆ, ಸುಮ್ಮನೆ ಬಿಡುವುದೇ ಆರೈಕೆ. ಆದರೆ ಅಂಗಡಿಗಳಲ್ಲಿ ಬಿಕರಿಯಾಗುವುದು ಹೆಚ್ಚಾಗಿ ಮರಿಗಳು. ಮರಿಗೆ ಆ ಮೀಸಲು ಇರುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಇಳಿಯುತ್ತಿದ್ದರೆ, ಕಣ್ಣು ಗುಳಿಬಿದ್ದರೆ, ಬಾಲದ ಬುಡ ಸೊರಗಿದರೆ, ಭೇದಿಯಾದರೆ ಕಾಯುವಂತಿಲ್ಲ. ಕರುಳಿನ ಪರಾವಲಂಬಿಗಳೂ ಹಸಿವನ್ನು ಕೊಲ್ಲುತ್ತವೆ, ಮಲಪರೀಕ್ಷೆಯಿಲ್ಲದೆ ಅವು ಕಾಣುವುದಿಲ್ಲ. ಪರೇಲಿನಲ್ಲಿ 1886ರಷ್ಟು ಹಿಂದೆಯೇ ಪಶುವೈದ್ಯ ಕಾಲೇಜು ಶುರುವಾದ ನಗರ ಇದು. ಆದರೂ ನಾಯಿ, ಬೆಕ್ಕು ನೋಡುವ ವೈದ್ಯರೆಲ್ಲ ಸರೀಸೃಪ ನೋಡುವುದಿಲ್ಲ. ನೋಡುವವರು ಎಲ್ಲಿದ್ದಾರೆಂದು ಪ್ರಾಣಿ ತರುವ ಮುಂಚೆ ತಿಳಿದುಕೊಂಡವರೆಷ್ಟು?

ಇನ್ನೊಂದು ಮುಜುಗರದ ವಿಷಯ ಊಟದ್ದೇ. ಮರಿಗೆ ಮುಖ್ಯ ಆಹಾರ ಜೀವಂತ ಕೀಟ: ಕ್ರಿಕೆಟ್ ಹುಳು, ದೂಬಿಯಾ ಜಿರಳೆ, ಸೈನಿಕ ನೊಣದ ಮರಿಹುಳು. ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರದ, ಕ್ಯಾಲ್ಸಿಯಂ ಪುಡಿ ಹೊರಳಿಸಿದ ಕೀಟ. ಸೊಪ್ಪಿನ ಪಾಲು ಹೆಚ್ಚುವುದು ಬೆಳೆದ ಮೇಲೆ. ಆಗಲೂ ಪಾಲಕ್ ನಿತ್ಯಕ್ಕಲ್ಲ, ಅದರ ಆಕ್ಸಲೇಟು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಮನೆಯಲ್ಲಿ ಮೊಟ್ಟೆಯನ್ನೂ ತರದ ಸಂಸಾರಗಳು ಈ ಪ್ರಾಣಿಯನ್ನು ‘ಸೊಪ್ಪು ತಿನ್ನುತ್ತದೆ’ ಎಂಬ ಮಾತು ನಂಬಿ ತರುತ್ತವೆ, ಆಮೇಲೆ ಜಿರಳೆ ಡಬ್ಬಿಯ ಮುಂದೆ ನಿಂತು ಬೆವರುತ್ತವೆ. ಅವರ ಸಸ್ಯಾಹಾರ ಅವರ ಹಕ್ಕು. ಅದನ್ನು ಇನ್ನೊಂದು ಜೀವಿಯ ಹೊಟ್ಟೆಯ ಮೇಲೆ ಹೇರುವುದು ಹಕ್ಕಲ್ಲ.

ಕಾನೂನು ಕಾಯುತ್ತದೆಯೇ? ಆಸ್ಟ್ರೇಲಿಯಾ ತನ್ನ ಸರೀಸೃಪಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ರಫ್ತು ಮಾಡಲು ದಶಕಗಳಿಂದ ಬಿಡುತ್ತಿಲ್ಲ. ಜಗತ್ತಿನ ಪೆಟ್ ಅಂಗಡಿಗಳಲ್ಲಿರುವುದು ಹೊರದೇಶಗಳಲ್ಲಿ ಸಾಕಿ ಮರಿ ಮಾಡಿಸಿದ ಸಂತತಿ. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾಯ್ದೆ ಮತ್ತು 2024ರ ನೋಂದಣಿ ನಿಯಮಗಳು ಸೈಟಿಸ್ ಪಟ್ಟಿಯ ಜೀವಿಗಳ ಲೆಕ್ಕ ಕೇಳುತ್ತವೆ. ಅದು ಅಂತರರಾಷ್ಟ್ರೀಯ ವ್ಯಾಪಾರದ ಮೇಲಿನ ಕಣ್ಣು. ಪೆಟ್ಟಿಗೆಯೊಳಗೆ ಹಸಿದಿರುವ ಒಂದು ಜೀವ ಆ ಕಣ್ಣಿಗೆ ಬೀಳುವುದಿಲ್ಲ. 2025ರ ಜೂನ್ ಆರಂಭದಲ್ಲಿ ಥಾಯ್ಲೆಂಡಿನಿಂದ ಮುಂಬೈ ವಿಮಾನ ನಿಲ್ದಾಣಕ್ಕೆ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಡಜನುಗಟ್ಟಲೆ ವಿಷದ ಹಾವುಗಳು ಸಿಕ್ಕಾಗ ಊರೇ ಬೆಚ್ಚಿತು. ಕಾನೂನುಬದ್ಧ ರಸೀದಿಯೊಂದಿಗೆ ಮನೆಗೆ ಬಂದು ಉಪವಾಸ ಬಿದ್ದ ಓತಿಗೆ ಯಾರೂ ಬೆಚ್ಚುವುದಿಲ್ಲ.

ಓತಿ ಎಂದದ್ದು ಬಾಯಿತಪ್ಪಿ ಅಲ್ಲ. ಬಿಯರ್ಡೆಡ್ ಡ್ರ್ಯಾಗನ್ ನಮ್ಮ ಬೇಲಿಯ ಓತಿಕ್ಯಾತದ ಕುಟುಂಬಕ್ಕೇ ಸೇರಿದ್ದು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಗೊತ್ತಿರುವ ಹಾರುವ ಓತಿಯೂ ಅದೇ ಬಳಗ. ಓತಿಯನ್ನು ಬೇಲಿಯಿಂದ ಬೇರೆ ಮಾಡಿ ಯೋಚಿಸಲಾಗದ ನುಡಿ ನಮ್ಮದು, ಅದಕ್ಕೆ ಬೇಲಿಗೂಟವೇ ಸಾಕ್ಷಿ ಎನ್ನುತ್ತದೆ ಗಾದೆ. ಇಂಗ್ಲಿಷಿನ ‘ಡ್ರ್ಯಾಗನ್’ ಎಂಬ ಹೆಸರು ಬೇಲಿಯನ್ನು ಅಳಿಸಿ ಒಂದು ಆಟಿಕೆಯನ್ನು ನಿಲ್ಲಿಸುತ್ತದೆ. ಅದೇ ಪ್ರಾಣಿಗೆ ‘ಗಡ್ಡದ ಓತಿ’ ಎಂಬ ಚೀಟಿ ಅಂಟಿಸಿದ್ದರೆ, ಇದನ್ನು ಕೋಣೆಯೊಳಗೆ ಯಾಕೆ ತರಬೇಕು ಎಂದು ಯಾವುದಾದರೂ ಅಜ್ಜಿ ಕೇಳಿರುತ್ತಿದ್ದಳು.

ಹಾಗೆಂದು ಈಗ ಮನೆಯಲ್ಲಿರುವುದನ್ನು ಆರೆ ಕಾಲೊನಿಯಲ್ಲೋ ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲೋ ಬಿಟ್ಟುಬರುವುದು ದಯೆಯಲ್ಲ. ಮಳೆಗಾಲದ ತೇವದಲ್ಲಿ ಅದು ಸಾಯಬಹುದು, ಇಲ್ಲವೇ ಇಲ್ಲಿನ ಜೀವಿಗಳಿಗೆ ಹೊಸ ರೋಗ ಅಂಟಿಸಬಹುದು. ತಂದವರ ಕರ್ತವ್ಯ ಇಂದು ಸಂಜೆಯೇ ಶುರುವಾಗುತ್ತದೆ: ಬಿಸಿಯ ದೀಪ, ಯುವಿಬಿ ಕೊಳವೆ, ಎರಡು ತುದಿಗೂ ಉಷ್ಣಮಾಪಕ, ತೂಕದ ಪುಸ್ತಕ, ವೈದ್ಯರ ನಂಬರು. ಇಷ್ಟು ಆದ ಮೇಲೆ ಬಟ್ಟಲಿನ ಮಾತು.

ಇನ್ನೂ ತರದವರಿಗೆ ಒಂದೇ ಷರತ್ತು. ಖಾಲಿ ಪೆಟ್ಟಿಗೆಯನ್ನು ಎರಡು ವಾರ ನಡೆಸಿ. ದಿನಕ್ಕೆ ಹನ್ನೆರಡು ಗಂಟೆ ದೀಪ ಉರಿಸಿ, ಬಿಸಿ ಅಳೆದು ಬರೆದಿಡಿ, ಕೀಟಗಳನ್ನು ಸಾಕಿ, ಕರೆಂಟು ಬಿಲ್ಲು ಲೆಕ್ಕ ಹಾಕಿ. ಮಾರುವ ಅಂಗಡಿಯೂ ಆ ಎರಡು ವಾರದ ಲೆಕ್ಕ ನೋಡದೆ ಪ್ರಾಣಿ ಕೊಡಬಾರದು. ಈ ಷರತ್ತಿಗೆ ವ್ಯಾಪಾರ ಮುಕ್ಕಾಲು ಬಿದ್ದುಹೋಗುತ್ತದೆ ಎನ್ನುವವರಿದ್ದರೆ, ಆ ಮುಕ್ಕಾಲು ವ್ಯಾಪಾರ ನಡೆಯುತ್ತಿದ್ದುದು ಯಾರ ಹಸಿವಿನ ಮೇಲೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.