ಹಕ್ಕಿಗೆ ಕಾಳು ಇಡೋ ಮೊದಲು ಔಷಧಿ ಡಬ್ಬಿ ಕೆಳಗಿಡ್ರಿ

ಬೇಸಿಗೆ ಬಂದರೆ ಸಾಕು, ವಾಟ್ಸಾಪ್ ಸ್ಟೇಟಸ್ ತುಂಬ ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ ಮಾಡಿದ ಹಕ್ಕಿ ತಟ್ಟೆಗಳು. ನುಚ್ಚು, ಸಜ್ಜೆ, ನಿನ್ನೆಯ ಅನ್ನ. ಇಡೋದು ಒಳ್ಳೇದೇ. ಆದರೆ ಅದೇ ಹಿತ್ತಲಲ್ಲಿ ಬದನೆಗೆ ವಾರಕ್ಕೊಮ್ಮೆ ಔಷಧಿ ಹೊಡೆಯುತ್ತಿದ್ದರೆ ಆ ತಟ್ಟೆಯಿಂದ ಹಕ್ಕಿಗಾಗೋ ಉಪಕಾರ ಅಷ್ಟಕ್ಕಷ್ಟೇ ಅಂತ ನನ್ನ ಅಭಿಪ್ರಾಯ.

ಗುಬ್ಬಿಯನ್ನೇ ತಗೊಳ್ರಿ. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ಖರೆ. ಎಳೆ ಮರಿಗೆ ಮಾತ್ರ ಅದು ತಂದು ಕೊಡೋದು ಮೆತ್ತನೆಯ ಹುಳ. ಹಿತ್ತಲಲ್ಲಿ ಹುಳವೇ ಇಲ್ಲ ಅಂದ್ರೆ ತಟ್ಟೆ ತುಂಬ ಸಜ್ಜೆ ಇದ್ದರೂ ಮರಿ ಬದುಕೋದು ಕಷ್ಟ. ಹುಳ ಹಿಡಿದೇ ಹೊಟ್ಟೆ ಹೊರೆಯೋ ಕಾಜಾಣಕ್ಕಂತೂ ನಮ್ಮ ನುಚ್ಚು ಬೇಕಾಗಿಯೇ ಇಲ್ಲ.

ಬಿತ್ತಿ ಉಳಿದ ಬೀಜ ಹಕ್ಕಿಗೆ ಹಾಕೋರೂ ಇದ್ದಾರೆ. ಬೀಜೋಪಚಾರ ಮಾಡಿದ ಬಣ್ಣದ ಬೀಜ ಅದು, ತೊಳೆದರೂ ವಿಷವೇ. ಕಾರ್ಬೋಫ್ಯುರಾನ್ ಹರಳು ಇನ್ನೂ ಕೆಟ್ಟದ್ದು. ಕಾಳು ಅಂತ ತಿಳಿದು ಒಂದೇ ಹರಳು ನುಂಗಿದರೂ ಸಣ್ಣ ಹಕ್ಕಿ ಸಾಯಬಹುದು.

ಮೊದಲು ನೀರಿಡಿ. ಅಗಲ ಬಾಯಿಯ ಮಣ್ಣಿನ ತಾಟು, ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಕಲ್ಲು. ದಿನಾ ಚೆಲ್ಲಿ, ತಿಕ್ಕಿ, ಹೊಸ ನೀರು ಹಾಕಬೇಕು. ವಾರ ಬಿಟ್ಟರೆ ಸೊಳ್ಳೆ ಸಾಕಿದಂಗೆ. ಬೆಕ್ಕು ಅಡಗೋ ಪೊದೆಯಿಂದ ದೂರ ಇರಲಿ. ಆಮೇಲೆ ಗಿಡ. ದಾಸವಾಳ, ನುಗ್ಗೆ ಹೂ ಬಿಟ್ಟರೆ ಸೂರಕ್ಕಿ ಕರೆಯದೇ ಬರುತ್ತದೆ. ಜಾಗ ಇದ್ದೋರು ಬದುವಿಗೆ ಅತ್ತಿ, ನೇರಳೆ ಹಾಕಿ. ಅವಸರ ಇದ್ದೋರಿಗೆ ಗಸಗಸೆ ಹಣ್ಣಿನ ಗಿಡ. ಹೊರದೇಶದ್ದಾದರೂ ಎರಡು ವರ್ಷದೊಳಗೆ ಹಣ್ಣು ಬಿಡುತ್ತದೆ, ಪಿಕಳಾರಕ್ಕೆ ಪ್ರಾಣ.

ಹಕ್ಕಿಗೆ ಉಣಿಸೋದು ನಮ್ಮ ಉತ್ತರ ಕರ್ನಾಟಕಕ್ಕೆ ಹೊಸದೇನಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವಲ್ಲ, ಆ ಹೊತ್ತಿಗೆ ಕಡಲೆಯಲ್ಲಿ ಕಾಯಿಕೊರಕ ಇರುತ್ತದೆ. ಅನ್ನಕ್ಕೆ ಬಂದ ಗೊರವಂಕ ಹುಳಾನೂ ಹೆಕ್ಕುತ್ತದೆ. ಊಟ ಇಟ್ಟ ಜಾಗದಲ್ಲೇ ಕೆಲಸಾನೂ ಇದೆ ನೋಡ್ರಿ. ಇದರ ಜೊತೆಗೆ ಎಕರೆಗೆ 20ರಂತೆ ಟಿ ಆಕಾರದ ಕೋಲು ನೆಟ್ಟರೆ ಕಾಜಾಣಕ್ಕೆ ಕೂತು ಬೇಟೆ ಆಡಲು ಜಾಗ. ಕೋಲು ಪೈರಿಗಿಂತ ಎತ್ತರ ಇರಬೇಕು. ಖರ್ಚು ಅಂದ್ರೆ ಒಂದು ಹೊರೆ ಕಟ್ಟಿಗೆ. ಜೋಳದಲ್ಲಿ ನೆಟ್ಟಿದ್ದರೆ ಹಾಲುಗಾಳು ಬಂದಾಗ ಕಿತ್ತುಬಿಡಿ, ಇಲ್ಲದಿದ್ದರೆ ಕಾಳು ತಿನ್ನೋ ಹಕ್ಕಿಗೂ ನಾವೇ ಕುರ್ಚಿ ಹಾಕಿದಂಗೆ.

'ಗಿಳಿ ಸೂರ್ಯಕಾಂತಿ ಪೂರ್ತಿ ಕಡಿದು ಹಾಕುತ್ತದಲ್ಲ, ಅದಕ್ಕೇನಂತೀರಿ?' ಅಂತ ಕೇಳಬಹುದು. ನಷ್ಟ ಇದೆ, ಇಲ್ಲ ಅನ್ನಲ್ಲ. ತೆನೆ ಬಲಿಯೋ ಹದಿನೈದು ಇಪ್ಪತ್ತು ದಿನ ಬೆಳಿಗ್ಗೆ, ಸಂಜೆ ಕಾವಲು ಕಾಯಲೇಬೇಕು. ಆದರೆ ಗಿಳಿ ಮೇಲಿನ ಸಿಟ್ಟಿಗೆ ವಿಷದ ಕಾಳು ಇಟ್ಟರೆ ಮುಂದಿನ ಹಂಗಾಮಿಗೆ ಹುಳ ಹೆಕ್ಕಬೇಕಾದ ಗೊರವಂಕಾನೂ ಅದನ್ನೇ ತಿನ್ನುತ್ತದೆ.