ವಿಚಾರ ಮುಂದಿಡುವ ಇಂಗ್ಲಿಷ್ ಕ್ರಿಯಾಪದ

ಒಂದು ವಿಚಾರವನ್ನೋ ಯೋಜನೆಯನ್ನೋ ನಾಲ್ವರ ಪರಿಶೀಲನೆಗೆ ಒಪ್ಪಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಪುಟ್ ಫಾರ್ವರ್ಡ್’ ಎಂಬ ಪ್ರಯೋಗವಿದೆ. ಹೀಗೆ ಕ್ರಿಯಾಪದಕ್ಕೆ ಒಂದೆರಡು ಕಿರುಪದ ಸೇರಿ ಹೊಸ ಅರ್ಥ ಕೊಡುವುದನ್ನು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ಇವೆಲ್ಲ ಆಡುಮಾತಿಗೆ ಸರಿ, ಗಂಭೀರ ಬರವಣಿಗೆಗೆ ‘ಪ್ರಪೋಸ್’ನಂಥ ಒಂಟಿ ಪದವೇ ಲೇಸು ಎಂಬ ನಂಬಿಕೆ ಕಲಿಯುವವರಲ್ಲಿ ಬೇರೂರಿದೆ. ‘ಪುಟ್ ಫಾರ್ವರ್ಡ್’ ಮಟ್ಟಿಗಂತೂ ಈ ನಂಬಿಕೆ ನಿಲ್ಲುವುದಿಲ್ಲ.

ನಂಬಿಕೆಯ ಮೂಲ ಇತಿಹಾಸದಲ್ಲಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಡಳಿತದಲ್ಲೂ ನ್ಯಾಯಾಲಯಗಳಲ್ಲೂ ಫ್ರೆಂಚ್ ಮತ್ತು ಲ್ಯಾಟಿನ್ ಮೇಲುಗೈ ಪಡೆದವು. ಆ ಮೂಲದ ಪದಗಳಿಗೆ ಘನತೆ ಬಂತು. ನೆಲದ ಪದಗಳು ಮನೆಮಾತೆನಿಸಿಕೊಂಡವು. ಆದರೆ ‘ಪ್ರಪೋಸ್’ನ ಲ್ಯಾಟಿನ್ ಬೇರನ್ನು ಬಿಡಿಸಿದರೂ ಸಿಗುವುದು ‘ಮುಂದೆ’ ಮತ್ತು ‘ಇಡು’ ಎಂಬ ಅಂಶಗಳೇ. ಅರ್ಥದ ಬುಡ ಒಂದೇ ಆಗಿರುವಾಗ ಒಂದು ಮೇಲು, ಇನ್ನೊಂದು ಕೀಳು ಎನ್ನುವುದಕ್ಕೆ ಆಧಾರವಿಲ್ಲ. ಕನ್ನಡದಲ್ಲೂ ‘ಪ್ರಸ್ತಾಪಿಸು’ ಇದ್ದ ಕಡೆಯೇ ‘ಮುಂದಿಡು’ ಇದೆ. ವಾದ ಮುಂದಿಟ್ಟರು, ಬೇಡಿಕೆ ಮುಂದಿಟ್ಟರು ಎಂಬ ಬರಹವನ್ನು ಯಾರೂ ಹಗುರವೆಂದು ತಿಳಿಯುವುದಿಲ್ಲ.

ಈ ಪ್ರಯೋಗದ ನಿಜವಾದ ಬಲ ಅದರ ನಿಷ್ಪಕ್ಷಪಾತದಲ್ಲಿದೆ. ಭೂಖಂಡಗಳು ಸರಿಯುತ್ತವೆ ಎಂಬ ಸಿದ್ಧಾಂತವನ್ನು ಆಲ್‌ಫ್ರೆಡ್ ವೆಗೆನರ್ 1912ರಲ್ಲಿ ಮಂಡಿಸಿದರು. 1930ರಲ್ಲಿ ಅವರು ತೀರಿಕೊಂಡಾಗಲೂ ಬಹುಪಾಲು ಭೂವಿಜ್ಞಾನಿಗಳು ಅದನ್ನು ಒಪ್ಪಿರಲಿಲ್ಲ. ವ್ಯಾಪಕ ಮನ್ನಣೆ ಸಿಕ್ಕಿದ್ದು 1960ರ ದಶಕದಲ್ಲಿ. ವೆಗೆನರ್ ಇದನ್ನು ‘ಪುಟ್ ಫಾರ್ವರ್ಡ್’ ಮಾಡಿದರು ಎಂಬ ವಾಕ್ಯ ಈ ಎರಡೂ ಕಾಲಕ್ಕೆ ಸಲ್ಲುತ್ತದೆ. ‘ಸಾಬೀತುಪಡಿಸಿದರು’ ಎಂದರೆ ಆಗ ಸುಳ್ಳಾಗುತ್ತಿತ್ತು, ‘ಊಹಿಸಿದರು’ ಎಂದರೆ ಅವರು ಕೂಡಿಹಾಕಿದ ಪುರಾವೆಗಳಿಗೆ ಅನ್ಯಾಯವಾಗುತ್ತಿತ್ತು. ವಿಚಾರ ಚರ್ಚೆಗೆ ಬಂದಿದೆ, ತೀರ್ಮಾನ ಇನ್ನೂ ಬಾಕಿ ಇದೆ ಎಂಬುದನ್ನಷ್ಟೇ ಹೇಳುವ ಇಂಥ ಮಾತು ವಿಜ್ಞಾನಕ್ಕೂ ಪ್ರಜಾಪ್ರಭುತ್ವಕ್ಕೂ ಬೇಕೇ ಬೇಕು.

ಬಳಕೆಗೆ ಕೆಲವು ಕಟ್ಟುಪಾಡುಗಳಿವೆ. ‘ಪ್ಲಾನ್’ ಎಂಬಂಥ ನಾಮಪದ ಎರಡು ಪದಗಳ ನಡುವೆಯೂ ಬರಬಹುದು, ಕೊನೆಗೂ ಬರಬಹುದು. ಸರ್ವನಾಮವಾದರೆ ನಡುವೆಯೇ ಬರಬೇಕು: ‘ಪುಟ್ ಇಟ್ ಫಾರ್ವರ್ಡ್’ ಸರಿ, ‘ಪುಟ್ ಫಾರ್ವರ್ಡ್ ಇಟ್’ ತಪ್ಪು. ‘ಪ್ರಪೋಸ್’ ಆದಮೇಲೆ ‘ದಟ್’ ಇಟ್ಟು ಉಪವಾಕ್ಯ ಜೋಡಿಸುವಂತೆ ಇಲ್ಲಿ ನೇರವಾಗಿ ಜೋಡಿಸುವ ರೂಢಿಯಿಲ್ಲ. ‘ದಿ ಐಡಿಯಾ ದಟ್’ ಎಂದು ನಡುವೆ ನಾಮಪದವೊಂದು ಬೇಕು. ಸಭೆಯನ್ನೋ ಗಡಿಯಾರವನ್ನೋ ‘ಪುಟ್ ಫಾರ್ವರ್ಡ್’ ಮಾಡಿದರೆ ಅರ್ಥ ಬೇರೆ: ಸಭೆ ನಿಗದಿಗಿಂತ ಬೇಗ ನಡೆಯುತ್ತದೆ, ಗಡಿಯಾರದ ಮುಳ್ಳು ಮುಂದೆ ಹೋಗುತ್ತದೆ.

ಹತ್ತಿರದ ಪ್ರಯೋಗಗಳಿಂದಲೂ ಇದನ್ನು ಬೇರ್ಪಡಿಸಿಕೊಳ್ಳಬೇಕು. ‘ಕಮ್ ಅಪ್ ವಿತ್’ ಎಂದರೆ ಉಪಾಯ ಹೊಳೆಯುವುದು, ‘ಬ್ರಿಂಗ್ ಅಪ್’ ಎಂದರೆ ವಿಷಯ ಎತ್ತುವುದು, ‘ಪುಟ್ ಅಕ್ರಾಸ್’ ಎಂದರೆ ಮನದಟ್ಟಾಗುವಂತೆ ಹೇಳುವುದು. ಒಬ್ಬರಿಗೆ ಹೊಳೆದ ಯೋಜನೆಯನ್ನು ಮತ್ತೊಬ್ಬರು ಸಮಿತಿಯ ಮುಂದಿಡಬಹುದು. ಆಗ ಎರಡು ಕ್ರಿಯಾಪದಗಳೂ ಬೇಕಾಗುತ್ತವೆ.

ಇಂಥ ಜೋಡಿಪದಗಳು ಪರಭಾಷಿಕರಿಗೆ ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನ ಪೀಠಿಕೆಯಲ್ಲೇ ಗುರುತಿಸಿದ್ದರು. ‘ಪುಟ್’ ಕೆಳಗೆ ಹತ್ತಾರು ಜೋಡಿಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದರಿಂದ ಆ ಕಷ್ಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ವಾದ, ಸಿದ್ಧಾಂತ, ಯೋಜನೆ, ಅಭ್ಯರ್ಥಿಯ ಹೆಸರು ಎಂದು ‘ಪುಟ್ ಫಾರ್ವರ್ಡ್’ ಯಾವ ನಾಮಪದಗಳೊಡನೆ ಬರುತ್ತದೋ ಅವುಗಳ ಜೊತೆಯಲ್ಲೇ ಕಲಿಸಿದರೆ ಅರ್ಥವೂ ಸಂದರ್ಭವೂ ಒಟ್ಟಿಗೆ ದಕ್ಕುತ್ತವೆ.