ಕುದುರೆ ಏರುವ ಮೊದಲು

1858ರ ಮೇ ತಿಂಗಳ ಕೊನೆಯ ವಾರ ಗದಗ ಸೀಮೆಯಲ್ಲಿ ಎದ್ದ ಬಂಡಾಯಕ್ಕೆ ಮೂಲ ಮೂರು ಕಾಗದ: ಇನಾಮಿನ ಸನದು, ದತ್ತಕದ ಒಪ್ಪಿಗೆ, ಆಯುಧದ ಪರವಾನಿಗೆ. ಅದರ ಮುಂದಾಳು ಮುಂಡರಗಿ ಭೀಮರಾಯನ ಹೆಸರಿನಲ್ಲಿ ನಡೆಯುವ ಭಾಷಣಗಳಲ್ಲಿ ಈ ಮೂರರ ಸುದ್ದಿಯೇ ಬರುವುದಿಲ್ಲ. ಅಲ್ಲಿ ಕುದುರೆ ಬರುತ್ತದೆ, ಕತ್ತಿ ಬರುತ್ತದೆ, ಕೊನೆಗೆ ಹಾರ ತುರಾಯಿ ಬರುತ್ತವೆ. ಏಕೆ ಎದ್ದರು ಎಂದರೆ ‘ದೇಶಪ್ರೇಮ’ ಎಂದು ಒಂದೇ ಮಾತಿನಲ್ಲಿ ಮುಗಿಸಿ ಮೈಕನ್ನು ಮುಂದಿನವರ ಕೈಗೆ ಕೊಡುತ್ತಾರೆ. ದೇಶಪ್ರೇಮಕ್ಕೂ ಒಂದು ದಫ್ತರ ಇರುತ್ತದೆ. ಅದನ್ನು ಬಿಚ್ಚಿ ನೋಡುವ ಪುರಸೊತ್ತು ವೇದಿಕೆಗಳಿಗೆ ಇಲ್ಲ.

ಮೊದಲ ಕಾಗದ ಇನಾಮಿನದು. ಪೇಶ್ವೆಯ ರಾಜ್ಯ 1818ರಲ್ಲಿ ಮುಗಿದು ಧಾರವಾಡ ಸೀಮೆ ಕಂಪನಿಯ ಕೈ ಸೇರಿತು. ಊರೂರಿನ ದೇಸಾಯಿ, ನಾಡಗೌಡ, ದೇಶಪಾಂಡೆ ಮನೆತನಗಳು ಮೊದಲಿನಂತೆಯೇ ಉಂಬಳಿ ಭೂಮಿ ಉಣ್ಣುತ್ತಿದ್ದವು. ಕಂಪನಿಯ ಕಣ್ಣಿಗೆ ಅದು ಖಜಾನೆಗೆ ಬರಬೇಕಾದ ಕಂದಾಯದ ಸೋರಿಕೆ. ವಿಚಾರಣೆ 1840ರ ದಶಕದಲ್ಲೇ ಶುರುವಾಯಿತು. 1852ರ 11ನೇ ಕಾಯ್ದೆ ಇನಾಮ್ ಕಮಿಷನ್ನಿಗೆ ಪೂರ್ತಿ ಅಧಿಕಾರ ಕೊಟ್ಟಿತು. ಹಕ್ಕು ತನ್ನದೆಂದು ತೋರಿಸುವ ಹೊಣೆ ಭೂಮಿ ಉಣ್ಣುವವನ ಮೇಲೆ ಬಿತ್ತು. ತೀರ್ಪು ಸರಿಯಿಲ್ಲವೆಂದು ದಿವಾಣಿ ಕೋರ್ಟಿಗೆ ಹೋಗಲು ದಾರಿ ಇರಲಿಲ್ಲ. ವಿಚಾರಣೆಗೆ ಕುಳಿತವರಲ್ಲಿ ಅನೇಕರು ಸೈನ್ಯದಿಂದ ಬಂದ ತರುಣ ಅಧಿಕಾರಿಗಳು.

ಆ ಹೊಣೆ ಎಷ್ಟು ಭಾರದ್ದು ಎಂಬುದು ಹಳೆಯ ವಾಡೆಯ ಮಾಳಿಗೆ ಹತ್ತಿದವರಿಗೆ ಗೊತ್ತು. ಅರಿವೆಯ ರುಮಾಲಿನಲ್ಲಿ ಕಟ್ಟಿಟ್ಟ ಕಾಗದ, ಮೋಡಿ ಅಕ್ಷರ, ಹುಳು ತಿಂದ ಅಂಚು, ಮಾಸಿದ ಮೊಹರು. ಅಜ್ಜನ ಕಾಲದ ದಂಗೆಯಲ್ಲಿ ಸುಟ್ಟದ್ದು ಸುಟ್ಟಿತು, ದಾಯಾದಿ ಜಗಳದಲ್ಲಿ ಹೋದದ್ದು ಹೋಯಿತು. ನಾಲ್ಕು ತಲೆಮಾರು ಉಂಡ ಹೊಲಕ್ಕೆ ಊರೆಲ್ಲ ಸಾಕ್ಷಿ ಹೇಳಿದರೂ ಮೂಲ ಸನದು ಇಲ್ಲವೆಂದರೆ ಭೂಮಿ ಕೈತಪ್ಪುವ ಭಯ. 1857ಕ್ಕೆ ಹಿಂದಿನ ಐದು ವರ್ಷಗಳಲ್ಲಿ ಮುಂಬಯಿ ಪ್ರಾಂತದ ದಖನ್‌ ಭಾಗದಲ್ಲಿ ಹೀಗೆ ಜಪ್ತಾದ ಹಿಡುವಳಿಗಳು ಸುಮಾರು 20,000.

ಎರಡನೆಯ ಕಾಗದ ದತ್ತಕದ್ದು. ಮಕ್ಕಳಿಲ್ಲದ ದೇಸಾಯಿ ದತ್ತು ತೆಗೆದುಕೊಂಡರೆ ಕಂಪನಿ ಒಪ್ಪಬೇಕು. ಒಪ್ಪದಿದ್ದರೆ ಸಂಸ್ಥಾನ ಕಂಪನಿಗೆ. ಕಿತ್ತೂರು 1824ರಲ್ಲಿ ಹೊತ್ತಿಕೊಂಡದ್ದು ಇದೇ ಮಾತಿಗೆ, 1848ರಲ್ಲಿ ಸಾತಾರಾ ಹೋದದ್ದೂ ಇದೇ ನೆಪಕ್ಕೆ. ನರಗುಂದದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿಟ್ಟಿದ್ದ ದೊರೆ. ಗಂಡು ಸಂತಾನವಿಲ್ಲದ ಆತ ದತ್ತಕಕ್ಕೆ ಒಪ್ಪಿಗೆ ಕೇಳಿದ, ಸಿಗಲಿಲ್ಲ. ಅಷ್ಟೊಂದು ಗ್ರಂಥ ಕೂಡಿಸಿದವನಿಗೆ ಬೇಕಿದ್ದ ಒಂದು ಹಾಳೆ ಮಾತ್ರ ಕೈಗೆ ಬರಲಿಲ್ಲ.

ಮೂರನೆಯದು ಆಯುಧದ ಪರವಾನಿಗೆ. 1857ರ ನಿಶ್ಶಸ್ತ್ರೀಕರಣದ ಕಾಯ್ದೆ ಮನೆಯ ಆಯುಧವನ್ನು ನೋಂದಾಯಿಸು, ಇಲ್ಲವೇ ಒಪ್ಪಿಸು ಎಂದಿತು. ಬೇಟೆ, ಹೊಲದ ಕಾವಲು, ಹಬ್ಬ, ಮದುವೆ ಎಲ್ಲಕ್ಕೂ ಆಯುಧ ಹಿಡಿಯುತ್ತಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಕಂಪನಿಯ ದಂಡು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಅವರಿಗೆ ಇನಾಮೂ ಇರಲಿಲ್ಲ, ದತ್ತಕದ ಚಿಂತೆಯೂ ಇರಲಿಲ್ಲ. ಬಂಡಾಯವೆಂದರೆ ಬರೀ ವಾಡೆಯವರ ಸಿಟ್ಟು ಎನ್ನುವವರಿಗೆ ಹಲಗಲಿಯೇ ಉತ್ತರ.

ಕಾಗದದಿಂದ ಹೊತ್ತಿದ ಬೆಂಕಿ ಕನ್ನಡ ನಾಡಿಗಷ್ಟೇ ಸೇರಿದ್ದಲ್ಲ, ದೂರದ ಮೆಕ್ಸಿಕೊದಲ್ಲೂ ಹೊತ್ತಿತ್ತು. ಗದಗ ಬೆಟಗೇರಿಯ ಜೋಳದ ರೊಟ್ಟಿಯ ಜೊತೆ ಬರುವ ಕೆಂಪು ಚಟ್ನಿಯ ಮೆಣಸಿನಕಾಯಿಯ ತವರು ಮೆಕ್ಸಿಕೊ. 1840ರ ದಶಕದಲ್ಲಿ ಕಂಪನಿ ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿದ ಅಮೆರಿಕನ್ ಹತ್ತಿಯ ತವರೂ ಅದೇ. ಅಲ್ಲಿ ಸ್ಪೇನಿನ ಆಳ್ವಿಕೆ 300 ವರ್ಷ ನಡೆಯಿತು. ದೊಡ್ಡ ಹುದ್ದೆಗಳಲ್ಲಿ ಸ್ಪೇನಿನಲ್ಲಿ ಹುಟ್ಟಿದವರಿಗೇ ಮೊದಲ ಮಣೆ. ಅದೇ ರಕ್ತದವರಾದರೂ ಮೆಕ್ಸಿಕೊದಲ್ಲಿ ಹುಟ್ಟಿದವರಿಗೆ ಕೆಳಗಿನ ಪಂಕ್ತಿ. ಮೂಲನಿವಾಸಿಗಳಿಗೆ ತಲೆಗಂದಾಯ. ಇದರ ಮೇಲೆ 1804ರಲ್ಲಿ ಸ್ಪೇನಿನ ಯುದ್ಧದ ಖರ್ಚಿಗೆಂದು ದೊರೆಯ ಆಜ್ಞೆಯೊಂದು ಬಂತು: ಚರ್ಚು ಕೊಟ್ಟ ಸಾಲವನ್ನೆಲ್ಲ ವಸೂಲು ಮಾಡಿ ಖಜಾನೆಗೆ ಕಟ್ಟಬೇಕು. ಚರ್ಚಿನಿಂದ ಸಾಲ ಪಡೆದು ಹೊಲ ಮಾಡಿದ್ದ ಜಮೀನುದಾರರು ಒಂದೇ ಸಹಿಗೆ ಬೀದಿಗೆ ಬಂದರು. ಡೊಲೋರೆಸ್ ಊರಿನ ಪಾದ್ರಿ ಮಿಗೆಲ್ ಹಿದಾಲ್ಗೊ ಸಹ ಆ ಆಜ್ಞೆಯ ಏಟು ತಿಂದವನೇ. 1810ರ ಸೆಪ್ಟೆಂಬರ್ 16ರಂದು ಅವನು ಚರ್ಚಿನ ಗಂಟೆ ಬಾರಿಸಿ ಜನರನ್ನು ಎಬ್ಬಿಸಿದ. ಮುಂದಿನ ವರ್ಷ ಅವನನ್ನು ಕೊಂದು, ತಲೆಯನ್ನು ಗ್ವಾನಾಹ್ವಾತೊ ನಗರದ ಧಾನ್ಯದ ಕಣಜದ ಗೋಡೆಗೆ ತೂಗುಹಾಕಿದರು. ನರಗುಂದದ ಅಗಸೆಯಲ್ಲಿ ತೂಗಿದ್ದು ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ. ಪದ್ಧತಿ ಒಂದೇ, ಕೈ ಬೇರೆ.

ಗದಗ ಸೀಮೆಯ ಘಟನೆಗಳು ಒಂದು ವಾರದಲ್ಲಿ ಮುಗಿದವು. ಭೀಮರಾಯ ಬಳ್ಳಾರಿ ಸೀಮೆಯಲ್ಲಿ ಕಂಪನಿಯ ಕಂದಾಯ ನೌಕರಿಯಲ್ಲಿದ್ದು ಅದನ್ನು ಕಳೆದುಕೊಂಡವನು. ಕಂಪನಿಯ ದಫ್ತರ ಹೇಗೆ ನಡೆಯುತ್ತದೆಂದು ಒಳಗಿನಿಂದ ಕಂಡವನು. ಹಮ್ಮಿಗಿಯ ದೇಸಾಯಿ ಕೆಂಚನಗೌಡ ಅವನ ಜೊತೆಗಾರ. ಹಮ್ಮಿಗಿಯಲ್ಲಿ ಬಚ್ಚಿಟ್ಟ ಆಯುಧಗಳು ಸರಕಾರದ ಕೈಗೆ ಸಿಕ್ಕಿದ್ದೇ ತಡ, ಹೊತ್ತಿಗೆ ಮೊದಲೇ ಏಳಬೇಕಾಯಿತು. ಡಂಬಳದ ಖಜಾನೆ ಲೂಟಿಯಾಯಿತು, ಗದುಗಿನ ಮೇಲೆ ದಾಳಿ ನಡೆಯಿತು, ಕೊಪ್ಪಳದ ಕೋಟೆ ವಶವಾಯಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬಾಬಾಸಾಹೇಬನ ಜನ ಮ್ಯಾನ್ಸನ್ನನನ್ನು ಕೊಂದರು. ಜೂನ್ 1ರಂದು ಮೇಜರ್ ಹ್ಯೂಸ್‌ನ ಪಡೆ ಕೊಪ್ಪಳದ ಕೋಟೆಗೆ ನುಗ್ಗಿತು. ಭೀಮರಾಯ, ಕೆಂಚನಗೌಡ ಇಬ್ಬರೂ ಅಲ್ಲೇ ಸತ್ತರು. ನರಗುಂದವೂ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು.

ಎಲ್ಲರೂ ಏಳಲಿಲ್ಲ ಎಂಬುದನ್ನೂ ಹೇಳಬೇಕು. ಆಗ ಶಿರಹಟ್ಟಿ ಸಾಂಗಲಿಯ ಪಟವರ್ಧನರದು, ಲಕ್ಷ್ಮೇಶ್ವರ ಮಿರಜದ ಪಟವರ್ಧನರದು. ಹತ್ತಿರದಲ್ಲೇ ಖಜಾನೆ ಲೂಟಿಯಾಗುತ್ತಿದ್ದರೂ ಆ ಸಂಸ್ಥಾನಗಳು ಬಂಡಾಯದ ನಿಶಾನೆ ಎತ್ತಲಿಲ್ಲ. ಅವುಗಳ ಕಾಗದಪತ್ರ ಅಷ್ಟೊಂದು ಅಪಾಯದಲ್ಲಿ ಇರಲಿಲ್ಲ. ಮೆಕ್ಸಿಕೊದಲ್ಲೂ ವರ್ಷಗಟ್ಟಲೆ ಬಂಡಾಯಗಾರರನ್ನು ಬೇಟೆಯಾಡಿದ ಸೇನಾಧಿಕಾರಿ ಇತುರ್ಬಿದೆಯೇ 1821ರಲ್ಲಿ ಅವರ ಕೈ ಹಿಡಿದು ಸ್ವಾತಂತ್ರ್ಯ ತಂದ. ಸ್ಪೇನಿನಲ್ಲಿ ಉದಾರ ಸಂವಿಧಾನ ಮರಳಿ ಬಂದದ್ದರಿಂದ ಉಳ್ಳವರ ಸವಲತ್ತುಗಳಿಗೇ ಕುತ್ತು ಬಂದಿತ್ತು. ಕಾಗದಕ್ಕೆ ಕೈ ಹಾಕಿದ ದಿನ ನಿಷ್ಠೆಯೂ ಮಗ್ಗುಲು ಬದಲಿಸುತ್ತದೆ.

ಬಂಡಾಯದ ಮುಂದಿನ ಅಧ್ಯಾಯ ಭಾಷಣಗಳಲ್ಲಿ ಎಂದೂ ಬಾರದು. 1862ರಲ್ಲಿ ಸರಕಾರ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ತಾನಾಗಿ ಹಂಚಿತು. 1863ರಲ್ಲಿ ಮುಂಬಯಿ ಸರಕಾರ ಹೊಸ ಕಾಯ್ದೆ ತಂದು, ವರ್ಷಕ್ಕಿಷ್ಟು ಜೂಡಿ ಎಂಬ ಕಂದಾಯ ಕಟ್ಟಲು ಒಪ್ಪಿದ ಇನಾಮುದಾರರ ಹಕ್ಕನ್ನು ಸನದು ಕೆದಕದೆ ಖಾಯಂ ಮಾಡಿತು. ಮೂರು ತಕರಾರಿನಲ್ಲಿ ಎರಡನ್ನು ಸರಕಾರವೇ ಸರಿ ಎಂದಂತಾಯಿತು. ಆಯುಧದ್ದನ್ನು ಮಾತ್ರ ಬಿಡಲಿಲ್ಲ. 1878ರ ಕಾಯ್ದೆ ಅದನ್ನು ಇನ್ನಷ್ಟು ಬಿಗಿ ಮಾಡಿತು. ಅರ್ಜಿ ಮಂಜೂರಾಗಲು ನಾಲ್ಕೈದು ವರ್ಷ ಹಿಡಿಯಿತು; ಅಷ್ಟರಲ್ಲಿ ಅರ್ಜಿದಾರರನ್ನು ಕೊಪ್ಪಳದಲ್ಲಿ, ಬೆಳಗಾವಿಯಲ್ಲಿ ಕೊಂದಾಗಿತ್ತು. ತಡಮಾಡಿ ಅರ್ಜಿ ಓದುವ ಈ ರೂಢಿಯನ್ನು ಮಾತ್ರ ಬ್ರಿಟಿಷರು ಹೋಗುವಾಗ ಒಯ್ಯಲಿಲ್ಲ.